ಸಾಸಿವೆ ಕಾಳಿನಷ್ಟು ಫ್ಯೂಸ್

1/8

ಫೋಟೋದಲ್ಲಿರೋ ಸ್ಟೀಲ್ ತಟ್ಟೆ ನಮ್ಮಮ್ಮಂದು. ಅದರಲ್ಲಿರೋ ಸ್ಕ್ರೂಗಳು ಮಾತ್ರ ಬೇರೆಯವರ ಮನೆಯವು. ಈ ತಟ್ಟೆ ಐದು ದಿನ ನನ್ನ ಮಂಚದ ಕೆಳಗೆ ಹಾಗೇ ಬಿದ್ದಿತ್ತು. ಯಾಕೆ ಅಂತ ಹೇಳೋಕೇ ಈ ಸಲದ ಸೀರೀಸ್.

ಹೊಸದಾಗಿ ಬಂದವರಿಗೆ ನಮಸ್ಕಾರ. ನಂದು ತುಮಕೂರು, ವಯಸ್ಸು ಇಪ್ಪತ್ತು, ಬಿಕಾಂ ಓದ್ತಿದ್ದೀನಿ. ಹಳೇ ಗೇಮ್ ಕನ್ಸೋಲ್‌ಗಳನ್ನ ಬಿಚ್ಚೋದು, ಸರಿ ಮಾಡೋದು, ಅವುಗಳಲ್ಲಿ ಇಲ್ಲದ್ದನ್ನ ಸೇರಿಸೋದು ನನ್ನ ಹವ್ಯಾಸ. ಮನೇಲಿ ಇದಕ್ಕೆ "ಆ ಹಾಳು ಕೆಲ್ಸ" ಅಂತ ಹೆಸರು.

ಇಲ್ಲಿವರೆಗೂ ಈ ಪೇಜ್‌ನಲ್ಲಿ ಹಾಕಿರೋದೆಲ್ಲ ಸರಿಯಾಗಿ ಮುಗಿದ ಕೆಲಸಗಳೇ. ಮೊದಲು ಧೂಳು ಹಿಡಿದ ಫೋಟೋ, ಆಮೇಲೆ ಹೊಳೆಯೋ ಫೋಟೋ, ನಿಮ್ಮಿಂದ ಒಂದಿಷ್ಟು ಲೈಕು. ಒಬ್ರು ಮೆಸೇಜ್ ಮಾಡಿ, "ನಿಮ್ಮ ಕೈಗೆ ಬಂದಿದ್ದು ಯಾವುದೂ ಕೆಡೋದೇ ಇಲ್ವಾ ಬ್ರೋ?" ಅಂತ ಕೇಳಿದ್ರು. ನಾನು ನಗೋ ಇಮೋಜಿ ಹಾಕಿ ಸುಮ್ಮನಾದೆ. ಕೆಟ್ಟಿದೆ. ಅದೂ ನನ್ನದಲ್ಲ, ಇನ್ನೊಬ್ಬರ ಮನೇದು. ಪೂರ್ತಿ ಕಥೆ ಹೇಳ್ತೀನಿ, ಎಂಟೂ ಓದಿ.

2/8

ಶುರುವಾಗಿದ್ದು ಮಾಮನ ಪಿಎಸ್‌ಪಿಯಿಂದ. ಮಾಮ ಅಂದ್ರೆ ಅಮ್ಮನ ತಮ್ಮ. ಕೆಲಸಕ್ಕೆ ಸೇರಿದ ಹೊಸದರಲ್ಲಿ ತಗೊಂಡಿದ್ದಂತೆ. ಮದುವೆ ಆದ್ಮೇಲೆ ಅದು ಅಜ್ಜಿ ಮನೆ ಅಟ್ಟ ಸೇರಿತ್ತು.

ಗೊತ್ತಿಲ್ಲದವರಿಗೆ: ಪಿಎಸ್‌ಪಿ ಅಂದ್ರೆ ಸೋನಿಯ ಪ್ಲೇಸ್ಟೇಷನ್ ಪೋರ್ಟಬಲ್. 2004ರ ಡಿಸೆಂಬರ್‌ನಲ್ಲಿ ಮೊದಲು ಜಪಾನಿನಲ್ಲಿ ಬಂತು. ಕೈಯಲ್ಲಿ ಹಿಡಿದು ಆಡೋದು, 4.3 ಇಂಚಿನ ಸ್ಕ್ರೀನು, ಗೇಮ್‌ಗಳು ಯುಎಂಡಿ ಅನ್ನೋ ಪುಟ್ಟ ಡಿಸ್ಕಿನಲ್ಲಿ. ಮೊದಲ ಮಾಡೆಲ್ 280 ಗ್ರಾಂ ತೂಗ್ತಿತ್ತು, ಮುಂದಿನದು 189 ಗ್ರಾಂಗೆ ಇಳೀತು. ಮಾಮನದು 3000 ಅನ್ನೋ ಮೂರನೇ ಮಾಡೆಲ್.

ಸೆಕೆಂಡ್ ಪಿಯುಸಿ ರಜೆಯಲ್ಲಿ ಕೆಳಗಿಳಿಸಿದೆ. ಆನ್ ಆಯ್ತು, ಆದ್ರೆ ಅನಲಾಗ್ ಸ್ಟಿಕ್ ಮುಟ್ಟದೇ ಇದ್ರೂ ಗಾಡಿ ಎಡಕ್ಕೇ ಎಳೀತಿತ್ತು. ಅಷ್ಟು ವರ್ಷ ಆದ ಮೇಲೆ ಅದು ಸಹಜ. ಒಳಗಿನ ಕಾರ್ಬನ್ ಪಟ್ಟಿ ಮೇಲೆ ಒಂದು ಲೋಹದ ನಾಲಿಗೆ ಉಜ್ಜಿ ಉಜ್ಜಿ ಸವೆದಿರುತ್ತೆ.

ಬಿಚ್ಚಿ ನೋಡಿದ್ರೆ ಆಶ್ಚರ್ಯ ಆಯ್ತು. ಆ ಸ್ಟಿಕ್‌ಗೆ ಸೋಲ್ಡರೇ ಇಲ್ಲ! ಒತ್ತಿಕೊಂಡು ಕೂರೋ ಕಾಂಟ್ಯಾಕ್ಟು, ಮಾಮೂಲಿ ಸ್ಟಾರ್ ಸ್ಕ್ರೂ, ಅಷ್ಟೇ. ಹಳೇದು ತೆಗೆದೆ, ಹೊಸದು ಕೂರಿಸಿದೆ. ಗಾಡಿ ನೆಟ್ಟಗೆ ಓಡ್ತು. ಸೋಲ್ಡರಿಂಗ್ ಐರನ್ ಮುಟ್ಟಿಯೂ ಗೊತ್ತಿರದ ಹುಡುಗ ನಾನು, ಆದ್ರೂ ಆಯ್ತು. ಆ ಖುಷಿಯೇ ನನ್ನನ್ನ ಕೆಡಿಸಿದ್ದು.

3/8

ಅಮ್ಮ ಮನೇಲಿ ಬ್ಲೌಸ್ ಹೊಲೀತಾರೆ. ಅವರ ಹೊಲಿಗೆ ಮಷಿನ್ನು ನನಗಿಂತ ಹಿರಿಯದು. ಎರಡನೇ ಫೋಟೋ ನೋಡಿ. ಮೈ ಮೇಲೆ ಅಲ್ಲಲ್ಲಿ ಸಣ್ಣ ತೂತು ಕಾಣ್ತಿದೆಯಲ್ವಾ? ಅವು ಎಣ್ಣೆ ಬಿಡೋಕೆ. ಡ್ರಾಯರ್‌ನಲ್ಲಿ ಒಂದು ಪುಟ್ಟ ಸ್ಕ್ರೂಡ್ರೈವರ್ ಇದೆ, ಅದು ಮಷಿನ್ ಜೊತೆಗೇ ಬಂದಿದ್ದು. ವಾರಕ್ಕೊಂದು ಸಲ ಅಮ್ಮ ಪ್ಲೇಟ್ ಬಿಚ್ಚಿ, ದಾರದ ಧೂಳೆಲ್ಲ ಒರೆಸಿ, ಎಣ್ಣೆ ಬಿಟ್ಟು, ಹಾಳೆ ಮೇಲೆ ನಾಲ್ಕು ಹೊಲಿಗೆ ಹಾಕಿ ನೋಡಿ, ಆಮೇಲೆ ಗಿರಾಕಿಯ ಬಟ್ಟೆ ಮುಟ್ತಾರೆ. ಅಮ್ಮನನ್ನ ಯಾರೂ ಮೆಕ್ಯಾನಿಕ್ ಅನ್ನಲ್ಲ. ಮಷಿನ್ ಇಟ್ಕೊಂಡವರು ಅದನ್ನ ಬಿಚ್ತಾರೆ ಅಂತ ಮಾಡಿದವರಿಗೆ ಮೊದಲೇ ಗೊತ್ತಿತ್ತು, ಅಷ್ಟೇ.

ಗೇಮ್ ಕನ್ಸೋಲ್ ಬಾಕ್ಸ್‌ನಲ್ಲಿ ಸ್ಕ್ರೂಡ್ರೈವರ್ ಸಿಗಲ್ಲ. ಸಿಗೋದು ಒಂದು ಸ್ಟಿಕ್ಕರ್: ಇದನ್ನ ಕಿತ್ತರೆ ವಾರಂಟಿ ಇಲ್ಲ. ಇಂಥ ಸ್ಟಿಕ್ಕರ್ ಬಗ್ಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ ಆರು ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತ್ತು. ಅದರಲ್ಲಿ ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊ ಮೂರೂ ಇದ್ದವು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರಲ್ಲಿ "ರಿಪೇರಿ ಹಕ್ಕು" ಬಗ್ಗೆ ಸಮಿತಿ ಮಾಡಿ, ಆಮೇಲೆ ಒಂದು ಪೋರ್ಟಲ್ ತೆರೀತು.

ಆದ್ರೆ ಪಿಎಸ್‌ಪಿ ಮಾಡಿದವರಿಗೆ ನಾನು ಒಂದು ವಿಷಯಕ್ಕೆ ಕೈ ಮುಗೀತೀನಿ. ಅದರ ಕೆಲವು ಸ್ಕ್ರೂಗಳು ಬ್ಯಾಟರಿ ಕೂರೋ ಗುಳಿಯೊಳಗೆ ಇವೆ. ಅಂದ್ರೆ ಬ್ಯಾಟರಿ ತೆಗೀದೆ ಬಿಚ್ಚೋಕೇ ಆಗಲ್ಲ. ಕರೆಂಟ್ ತೆಗೆದು ಕೈ ಹಾಕು ಅನ್ನೋ ಪಾಠವನ್ನ ಸ್ಕ್ರೂ ಇರೋ ಜಾಗವೇ ಹೇಳಿಕೊಡುತ್ತೆ. ಈ ಸಾಲು ನೆನಪಿರಲಿ, ಮುಂದೆ ಬೇಕಾಗುತ್ತೆ.

4/8

ಕ್ಲಾಸ್‌ಮೇಟ್ ಒಬ್ಬ ನನ್ನ ಪೋಸ್ಟ್‌ಗಳನ್ನ ಅವರಪ್ಪನಿಗೆ ತೋರಿಸಿದ್ದ. ಅಂಕಲ್ ರಿಟೈರ್ಡ್ ಲೈನ್‌ಮ್ಯಾನ್. ಒಂದಿನ ಮನೆಗೇ ಬಂದ್ರು, ಕೈಯಲ್ಲಿ ಟವಲ್ ಸುತ್ತಿದ ಪಿಎಸ್‌ಪಿ. ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಮಾರ್ಕ್ಸ್ ತೆಗೆದಾಗ ಕೊಡಿಸಿದ್ದಂತೆ. ಅಕ್ಕ ಈಗ ಹೈದರಾಬಾದ್‌ನಲ್ಲಿ ಕೆಲಸದಲ್ಲಿದ್ದಾರೆ, ದೀಪಾವಳಿಗೆ ಬರ್ತಾರೆ.

"ಅವಳಿಗೆ ಹೇಳಿಲ್ಲ ಕಣಪ್ಪಾ. ಬರೋ ಹೊತ್ತಿಗೆ ಆನ್ ಆಗಿ ಟೇಬಲ್ ಮೇಲಿರ್ಬೇಕು" ಅಂದ್ರು.

ಸ್ಟಿಕ್ ಬದಲಿಸಬೇಕು, ಬ್ಯಾಟರಿ ಬದಲಿಸಬೇಕು. ಚಾರ್ಜರ್ ಕಳೆದುಹೋಗಿದ್ದರಿಂದ ಟೈಪ್-ಸಿ ಪೋರ್ಟ್ ಕೂರಿಸಬೇಕು. ಪಿಎಸ್‌ಪಿಯ ಹಳೇ ಗುಂಡು ಪಿನ್ ಚಾರ್ಜರ್ ಕೊಡೋದು 5 ವೋಲ್ಟ್, ಯುಎಸ್‌ಬಿಯದೂ 5 ವೋಲ್ಟೇ. ಹಾಗಾಗಿ ಈ ಮಾಡಿಫಿಕೇಶನ್ ಸುಲಭ. ಒಂದೇ ಗುಟ್ಟು: ಟೈಪ್-ಸಿ ಬೋರ್ಡ್ ಮೇಲೆ 5.1 ಕಿಲೋ ಓಮ್‌ನ ಎರಡು ರೆಸಿಸ್ಟರ್ ಇರಲೇಬೇಕು. "ಈ ಕಡೆ ಕರೆಂಟ್ ಬೇಕು" ಅಂತ ಚಾರ್ಜರ್‌ಗೆ ತಿಳಿಸೋದು ಅವೇ. ಅವಿಲ್ಲದ ಅಗ್ಗದ ಬೋರ್ಡ್ ಹಾಕಿದ್ರೆ, ಎರಡೂ ತುದಿ ಟೈಪ್-ಸಿ ಇರೋ ಕೇಬಲ್‌ನಲ್ಲಿ ಚಾರ್ಜೇ ಆಗಲ್ಲ. ಇದನ್ನ ಮಾಮನ ಪಿಎಸ್‌ಪಿ ಮೇಲೆ ಕಲಿತಿದ್ದೆ.

ಲೆಕ್ಕ ಬರೆದು ಕೊಟ್ಟೆ. ಸ್ಟಿಕ್ 280, ಬೋರ್ಡ್ 40, ಬ್ಯಾಟರಿ 850, ಕೂಲಿ 600. ಒಟ್ಟು 1,770 ರೂಪಾಯಿ. ಅಂಕಲ್ 1,200 ಅಡ್ವಾನ್ಸ್ ಕೊಟ್ರು.

ಬಿಕಾಂನಲ್ಲಿ ನಮಗೆ ಹೇಳಿಕೊಡ್ತಾರೆ: ಹಳೇ ಕಟ್ಟಡಕ್ಕೆ ಸುಣ್ಣ ಹೊಡೆಸಿದ್ರೆ ಅದು ರೆವಿನ್ಯೂ ಖರ್ಚು, ಇನ್ನೊಂದು ಮಹಡಿ ಎಬ್ಬಿಸಿದ್ರೆ ಕ್ಯಾಪಿಟಲ್ ಖರ್ಚು. ನನ್ನ ನೋಟ್‌ಬುಕ್‌ನಲ್ಲಿ ಸ್ಟಿಕ್ಕು ಸುಣ್ಣ, ಟೈಪ್-ಸಿ ಮಹಡಿ. ಜಂಬದಿಂದ ಎರಡು ಕಾಲಂ ಹಾಕಿದ್ದೆ.

5/8

ಮಧ್ಯೆ ಒಂದು ಮಾತು. ಮಾಡ್ ಅಂದ ತಕ್ಷಣ ಎಲ್ರೂ ಕೇಳೋದು "ಫ್ರೀ ಗೇಮ್ ಹಾಕ್ಕೊಡ್ತೀಯಾ?" ಅಂತ. ಪಿಎಸ್‌ಪಿಗೆ ಆ ಹೆಸರು ಸುಮ್ಮನೆ ಬಂದಿಲ್ಲ. 2007ರಲ್ಲಿ ಹವ್ಯಾಸಿಗಳು ಅದರ ಬ್ಯಾಟರಿಯಲ್ಲೇ ಬೀಗದ ಕೈ ಇದೆ ಅಂತ ಕಂಡುಹಿಡಿದ್ರು. ಬ್ಯಾಟರಿಯೊಳಗಿನ ಚಿಪ್‌ನ ಒಂದು ಕಾಲು ಎತ್ತಿಬಿಟ್ರೆ, ಕನ್ಸೋಲ್ ಅದನ್ನ ಕಂಪನಿಯ ಸರ್ವಿಸ್ ಬ್ಯಾಟರಿ ಅಂದ್ಕೊಂಡು ಬಾಗಿಲು ತೆಗೀತಿತ್ತು. ಪಂಡೋರಾ ಬ್ಯಾಟರಿ ಅಂತ ಅದರ ಹೆಸರು. ಆಮೇಲಿನ ಬೋರ್ಡ್‌ಗಳಲ್ಲಿ ಸೋನಿ ಆ ದಾರಿ ಮುಚ್ಚಿತು. ನಾನೇನು ಸಾಚಾ ಅಲ್ಲ, ಮಾಮನ ಮೆಮೊರಿ ಸ್ಟಿಕ್‌ನಲ್ಲಿ ಏನೇನಿತ್ತೋ ಅದನ್ನೆಲ್ಲ ಆಡಿದ್ದೀನಿ. ಆದ್ರೆ ಬೇರೆಯವರ ಕನ್ಸೋಲ್‌ಗೆ ಗೇಮ್ ತುಂಬಿ ದುಡ್ಡು ತಗೊಳ್ಳಲ್ಲ. ರಿಪೇರಿಗೆ ಮಾತ್ರ ಕೂಲಿ. ಅಕ್ಕನ ಹತ್ರ ಹೇಗೂ ಆರು ಯುಎಂಡಿ ಇದ್ದವು.

ಈಗ ಆ ರಾತ್ರಿ. ಸ್ಟಿಕ್ ಕೂತಿತ್ತು. ಟೈಪ್-ಸಿ ಕೂತಿತ್ತು. ಒಂದ್ಸಲ ಆನ್ ಮಾಡಿ ನೋಡೋಣ ಅಂತ, ಮೇಲಿನ ಕವರ್ ಹಾಕದೆ, ಬ್ಯಾಟರಿ ವಾಪಸ್ ಹಾಕಿದೆ. ಆನ್ ಆಯ್ತು. ಫೋಟೋ ತೆಗೆದೆ. ಆಫ್ ಮಾಡಿದೆ. ಬ್ಯಾಟರಿ ತೆಗೆಯೋದು ಮರೆತೆ.

ಒಂದು ತಂತಿ ಸ್ವಲ್ಪ ಮೇಲೆದ್ದಿತ್ತು. ಚಿಮಟದಲ್ಲಿ ಒತ್ತೋಕೆ ಹೋದೆ. ಚಿಮಟ ಜಾರಿ ಬೋರ್ಡ್ ಮೇಲೆ ಎರಡು ಕಡೆ ಒಟ್ಟಿಗೆ ತಾಗಿತು. ಚಿಟ್ ಅಂತ ಒಂದೇ ಸದ್ದು, ಸೊಳ್ಳೆ ಬ್ಯಾಟಿಗೆ ಸೊಳ್ಳೆ ಸಿಕ್ಕ ಹಾಗೆ. ಹೊಗೆ ಇಲ್ಲ, ವಾಸನೆ ಇಲ್ಲ. ಆದ್ರೆ ಪವರ್ ಸ್ವಿಚ್ ತಳ್ಳಿದ್ರೆ ಹಸಿರು ದೀಪ ಬರ್ಲಿಲ್ಲ. ಹತ್ತು ಸಲ ತಳ್ಳಿದೆ. ಚಾರ್ಜರ್ ಹಾಕಿದೆ. ಏನೂ ಇಲ್ಲ.

ಸ್ಕ್ರೂ ಇದ್ದ ತಟ್ಟೆಯನ್ನ ಮಂಚದ ಕೆಳಗೆ ತಳ್ಳಿ ದೀಪ ಆರಿಸಿದೆ. ದೀಪಾವಳಿಗೆ ಎಂಟು ದಿನ ಇತ್ತು.

6/8

ಮಾರನೇ ದಿನ ಅಂಕಲ್ ಫೋನು. "ಆಯ್ತೇನಪ್ಪಾ?" "ಬ್ಯಾಟರಿ ಇನ್ನೂ ಬಂದಿಲ್ಲ ಅಂಕಲ್" ಅಂದೆ. ಬ್ಯಾಟರಿ ನನ್ನ ಮುಂದೆಯೇ ಇತ್ತು.

ಮೂರನೇ ದಿನ ಮತ್ತೆ ಫೋನು, ಮತ್ತೆ ಅದೇ ಸುಳ್ಳು. ಕ್ಲಾಸ್‌ನಲ್ಲಿ ಅವರ ಮಗನ ಪಕ್ಕ ಕೂರೋದು ಬಿಟ್ಟೆ. ನಾಲ್ಕನೇ ದಿನ ಕಾಲೇಜಿಗೆ ಚಕ್ಕರ್ ಹೊಡೆದು ಟ್ರೈನ್ ಹತ್ತಿ ಬೆಂಗಳೂರಿಗೆ ಹೋದೆ. ಒಂದು ಅಂಗಡಿಯಲ್ಲಿ ನೋಡಿ, "ಬೋರ್ಡ್ ಸತ್ತಿದೆ, ಬಿಸಾಕು, ಬೇರೆ ತಗೋ" ಅಂದ್ರು. ಬೇರೆ ತಗೊಳ್ಳೋಕೆ ನನ್ನ ಹತ್ರ ದುಡ್ಡೂ ಇರ್ಲಿಲ್ಲ. ಇದ್ರೂ ಅದು ಆ ಅಕ್ಕನ ಪಿಎಸ್‌ಪಿ ಆಗ್ತಿರ್ಲಿಲ್ಲ.

ಐದನೇ ದಿನ ನಮ್ಮ ಬೀದಿ ಕೊನೆಯ ಟಿವಿ ರಿಪೇರಿ ಅಂಗಡಿಗೆ ಹೋದೆ. ಅಲ್ಲಿರೋ ಸಾರ್‌ಗೆ ಅರವತ್ತು ದಾಟಿದೆ. ದಪ್ಪ ಟಿವಿಗಳ ಕಾಲದವರು.

"ಏನ್ಲಾ ಇದು?"
"ವಿಡಿಯೋ ಗೇಮ್ ಸಾರ್."
"ನಂಗಿದು ಗೊತ್ತಿಲ್ಲ. ಆದ್ರೆ ಕರೆಂಟು ಎಲ್ಲಾ ಕಡೆ ಒಂದೇ. ಬ್ಯಾಟ್ರಿ ಎಲ್ಲಿಂದ ಬತ್ತದೆ ತೋರ್ಸು."

ತೋರಿಸಿದೆ. ಮಲ್ಟಿಮೀಟರನ್ನ ಬೀಪ್ ಮೋಡ್‌ಗೆ ಹಾಕಿ, ಬ್ಯಾಟರಿ ಕಾಂಟ್ಯಾಕ್ಟ್‌ನಿಂದ ಒಂದೊಂದೇ ಜಾಗ ಮುಟ್ಟುತ್ತಾ ಹೋದ್ರು. ಬೀಪ್. ಬೀಪ್. ಆಮೇಲೆ ಸಾಸಿವೆ ಕಾಳಿನಷ್ಟು ಒಂದು ಚೂರಿನ ಆ ಕಡೆ ಈ ಕಡೆ ಮುಟ್ಟಿದ್ರು. ಸದ್ದಿಲ್ಲ.

"ಫ್ಯೂಜು ಹೋಗದೆ ಕಣ್ಲಾ. ಬೋರ್ಡು ಸತ್ತಿಲ್ಲ, ಬದುಕ್ಕೊಂಡದೆ."

ನಾನು ಖುಷಿಯಲ್ಲಿ, "ಸಾರ್, ಅಲ್ಲಿಗೆ ಒಂದು ತಂತಿ ಎಳೆದುಬಿಡಿ" ಅಂದೆ. ಕನ್ನಡಕದ ಮೇಲಿಂದ ನನ್ನ ನೋಡಿದ್ರು. "ತಂತಿ ಹಾಕಿದ್ರೆ ಮುಂದಿನ ಸಲ ಹೋಗಾದು ಫ್ಯೂಜಲ್ಲ. ಮಕ್ಕಳು ಕೈಯಲ್ಲಿ ಹಿಡ್ಕೊಳೋ ಸಾಮಾನು ಇದು."

ನನ್ನ ಹತ್ರ ಅದೇ ಮಾಡೆಲ್‌ನ ಸ್ಕ್ರ್ಯಾಪ್ ಬೋರ್ಡ್ ಒಂದಿತ್ತು, ಎಸ್‌ಪಿ ರೋಡ್‌ನಲ್ಲಿ ಯಾವತ್ತೋ ತಂದಿದ್ದು. ಓಡಿಹೋಗಿ ತಂದೆ. ಅದರಲ್ಲಿ ಅದೇ ಜಾಗದ ಫ್ಯೂಸ್ ಬೀಪ್ ಅಂತು. ಬಿಸಿಗಾಳಿ ಬಿಟ್ಟು ಅಲ್ಲಿಂದ ಎತ್ತಿ ಇಲ್ಲಿ ಕೂರಿಸಿದ್ರು. ಸಾರ್ ಕೈ ಸ್ವಲ್ಪ ನಡುಗುತ್ತೆ, ಆದ್ರೆ ಬೋರ್ಡ್ ಮುಟ್ಟೋ ಹೊತ್ತಿಗೆ ನಿಂತುಹೋಗುತ್ತೆ. ಸ್ವಿಚ್ ತಳ್ಳಿದೆ. ಹಸಿರು ದೀಪ.

7/8

ಆ ರಾತ್ರಿ ನಿದ್ದೆ ಬರ್ಲಿಲ್ಲ, ಆ ಫ್ಯೂಸ್ ಬಗ್ಗೆಯೇ ಯೋಚನೆ. ಈ ಬೋರ್ಡ್ ಗೀಚುವಾಗ ನಾನು ಅಂಗನವಾಡಿಗೆ ಹೋಗ್ತಿದ್ದೆ. ಆಗಲೇ ಯಾರೋ ಒಬ್ಬ ಎಂಜಿನಿಯರ್, ಮುಂದೊಂದು ದಿನ ಇಲ್ಲಿ ಏನಾದ್ರೂ ತಪ್ಪಾಗುತ್ತೆ, ಆಗ ದೊಡ್ಡ ಚಿಪ್ ಉಳೀಬೇಕು, ಸಣ್ಣದು ಹೋಗಲಿ ಅಂತ ಜಾಗ ಮಾಡಿಟ್ಟಿದ್ದ.

ನಾನು ಗೇಮಿಂಗ್ ಹಾರ್ಡ್‌ವೇರನ್ನ ಈಗ ನೋಡೋದು ಇದೇ ಲೆಕ್ಕದಲ್ಲಿ. ಪ್ರೊಸೆಸರ್ ಎಷ್ಟು ಜೋರು ಅಂತ ಆಮೇಲೆ ಕೇಳ್ತೀನಿ. ಕೆಟ್ಟಾಗ ಏನಾಗುತ್ತೆ, ಕೆಡಿಸಿದಾಗ ಏನಾಗುತ್ತೆ ಅಂತ ಮೊದಲು ಕೇಳ್ತೀನಿ.

ಪಿಎಸ್‌ಪಿ ಮಾಡೆಲ್‌ಗಳನ್ನೇ ತಗೊಳ್ಳಿ. 3000ರವರೆಗೂ ಬ್ಯಾಟರಿ ಮುಚ್ಚಳ ಉಗುರಿನಲ್ಲಿ ತೆಗೀಬಹುದು. 2009ರಲ್ಲಿ ಬಂದ ಪಿಎಸ್‌ಪಿ ಗೋ ನೋಡೋಕೆ ಎಷ್ಟು ಚೆಂದ! ಆದ್ರೆ ಬ್ಯಾಟರಿ ಒಳಗೆ ಸೇರ್ಕೊಂಡಿತು, ಯುಎಂಡಿ ಹಾಕೋ ಬಾಗಿಲೇ ಹೋಯ್ತು. ಅಲ್ಲಿವರೆಗೂ ಡಿಸ್ಕ್ ಕೊಂಡಿದ್ದವರ ಕಪಾಟು ಅದರ ಮಟ್ಟಿಗೆ ಸೊನ್ನೆ.

ಸ್ಟಿಕ್ ವಿಷಯ ಇನ್ನೂ ಬೇಜಾರು. ಡ್ಯುಯಲ್‌ಸೆನ್ಸ್, ಎಕ್ಸ್‌ಬಾಕ್ಸ್ ಮಾಮೂಲಿ ಕಂಟ್ರೋಲರ್‌ಗಳಲ್ಲಿ ಸ್ಟಿಕ್ಕನ್ನ ಬೋರ್ಡ್‌ಗೆ ಹತ್ತಾರು ಕಾಲುಗಳಲ್ಲಿ ಬೆಸುಗೆ ಹಾಕಿರ್ತಾರೆ. ಸವೆಯೋದು ಗ್ಯಾರಂಟಿ ಅಂತ ಗೊತ್ತಿರೋ ಭಾಗವನ್ನೇ ತೆಗೆಯೋಕಾಗದ ಹಾಗೆ ಕೂರಿಸೋದು ಯಾವ ನ್ಯಾಯ? ಬದಲಿಸಬಹುದಾದ ಸ್ಟಿಕ್ ಬೇಕಂದ್ರೆ 2023ರಲ್ಲಿ ಬಂದ ದುಬಾರಿ ಡ್ಯುಯಲ್‌ಸೆನ್ಸ್ ಎಡ್ಜ್ ತಗೋಬೇಕು. ಸೆಗಾ ಕಂಪನಿ ಡ್ರೀಮ್‌ಕಾಸ್ಟ್ ಕಂಟ್ರೋಲರ್‌ನಲ್ಲಿ ಅಯಸ್ಕಾಂತದಿಂದ ಕೆಲಸ ಮಾಡೋ ಹಾಲ್ ಸೆನ್ಸರ್ ಹಾಕಿತ್ತು. ಅದರಲ್ಲಿ ಉಜ್ಜೋದೇ ಇಲ್ಲ, ಹಾಗಾಗಿ ಕಾರ್ಬನ್ ಪಟ್ಟಿಯ ಹಾಗೆ ಸವೆಯಲ್ಲ. ಅದು 1998ರ ಕನ್ಸೋಲು!

ಕಂಪನಿ ಕಡೆಯಿಂದಲೂ ಲೆಕ್ಕ ಹಾಕೋಣ, ಬಿಕಾಂ ಓದಿದ್ದಕ್ಕೆ. ಪಿಎಸ್‌ಪಿ ಮಾರಾಟ ಆಗಿದ್ದು ಸುಮಾರು 8 ಕೋಟಿ. ಒಂದು ಕನೆಕ್ಟರ್ ಬಿಟ್ಟು ಒಂದು ರೂಪಾಯಿ ಉಳಿಸಿದ್ರೂ 8 ಕೋಟಿ ರೂಪಾಯಿ. ಜೊತೆಗೆ ಕನೆಕ್ಟರ್ ಕೂಡ ಸಡಿಲಾಗುತ್ತೆ, ಜಾಗ ತಿನ್ನುತ್ತೆ. ಅವರ ಕಷ್ಟ ಸುಳ್ಳಲ್ಲ. ಆದ್ರೆ ಉಳಿದ ಆ ಒಂದು ರೂಪಾಯಿ ಎಲ್ಲೂ ಮಾಯ ಆಗಿಲ್ಲ. ಹದಿನೈದು ವರ್ಷ ಆದ್ಮೇಲೆ ನನ್ನಂಥವನ ಮಂಚದ ಕೆಳಗೆ ಖರ್ಚಾಗಿ ಬರುತ್ತೆ. ಅವರ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ, ಅಷ್ಟೇ.

ಬದಲಾವಣೆ ಆಗ್ತಾನೂ ಇದೆ. ಸ್ಟೀಮ್ ಡೆಕ್‌ನ ಬಿಡಿಭಾಗಗಳನ್ನ 2022ರಿಂದ ಐಫಿಕ್ಸಿಟ್ ಮೂಲಕ ಮಾರ್ತಿದ್ದಾರೆ. ಮೊದಲ ಮಾಡೆಲ್‌ನಲ್ಲಿ ಹಿಂದಿನ ಕವರ್‌ನ ಸ್ಕ್ರೂಗಳು ನೇರ ಪ್ಲಾಸ್ಟಿಕ್‌ಗೇ ಹೋಗ್ತಿದ್ದವು, ನಾಲ್ಕು ಸಲ ಬಿಚ್ಚಿದ್ರೆ ಸಡಿಲ. ಮುಂದಿನ ಓಎಲ್‌ಇಡಿ ಮಾಡೆಲ್‌ನಲ್ಲಿ ಲೋಹದ ಮರೆ ಕೊಟ್ರು. ಯುರೋಪಿಯನ್ ಒಕ್ಕೂಟದ 2023ರ ಬ್ಯಾಟರಿ ಕಾನೂನಿನ ಪ್ರಕಾರ, 2027ರ ಫೆಬ್ರವರಿಯಿಂದ ಇಂಥ ಸಾಧನಗಳ ಬ್ಯಾಟರಿಯನ್ನ ಬಳಸೋರೇ ತೆಗೆಯೋ ಹಾಗಿರಬೇಕು. ಅಮ್ಮನ ಮಷಿನ್ ಮಾಡಿದವರಿಗೆ ಕಾನೂನಿಲ್ಲದೇ ಗೊತ್ತಿದ್ದ ವಿಷಯ ಇದು.

8/8

ಫ್ಯೂಸ್‌ಗೆ ಸಾರ್ ದುಡ್ಡು ತಗೊಳ್ಳಲಿಲ್ಲ. "ಅದು ನಿಂದೇ. ನನ್ನ ಕಣ್ಣಿಗೆ ಕೆಲ್ಸ ಕೊಟ್ಯಲ್ಲ, ಅದುಕ್ಕೊಂದು ನೂರು ಕೊಡು" ಅಂದ್ರು.

ಪಿಎಸ್‌ಪಿ ಈಗ ಹೊಸದರ ಹಾಗಿತ್ತು. ಏನೂ ಹೇಳದೇ ಕೊಟ್ಟುಬಿಡಬಹುದಿತ್ತು. ಯಾರಿಗೂ ಗೊತ್ತಾಗ್ತಿರ್ಲಿಲ್ಲ. ದಾರಿಯುದ್ದಕ್ಕೂ ಅದೇ ಯೋಚನೆ ಮಾಡ್ಕೊಂಡು ಅಂಕಲ್ ಮನೆಗೆ ಹೋದೆ. ಬಾಗಿಲಲ್ಲೇ ಬಾಯಿಗೆ ಬಂದುಬಿಡ್ತು. ಬ್ಯಾಟರಿ ಮೊದಲೇ ಬಂದಿತ್ತು ಅಂಕಲ್, ನಾನೇ ಕೆಡಿಸಿದ್ದೆ, ಫ್ಯೂಸ್ ಹೋಗಿತ್ತು, ಬೇರೆಯವರು ಸರಿ ಮಾಡಿದ್ರು, ಕೂಲಿ 600 ಬೇಡ.

ಅಂಕಲ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಪಿಎಸ್‌ಪಿ ಆನ್ ಮಾಡಿ ನೋಡಿ ಪಕ್ಕಕ್ಕಿಟ್ಟರು. ಆಮೇಲೆ ಅಂದ್ರು:

"ಮೂವತ್ತು ವರ್ಷ ಫ್ಯೂಸೇ ಹಾಕಿದ್ದೀನಿ ಕಣಪ್ಪಾ. ಹೋದ್ರೆ ಇನ್ನೊಂದು ಹಾಕಬಹುದು. ಆದ್ರೆ ಲೈನ್ ಆಫ್ ಮಾಡಿಲ್ಲದೆ ಮಾಡಿದ್ದೀನಿ ಅಂತ ಕೆಳಗಿನೋನು ಹೇಳಿದ್ರೆ, ಕಂಬದ ಮೇಲಿರೋನು ಏನಾಗ್ತಾನೆ? ಇನ್ನೊಂದ್ಸಲ ಫೋನಲ್ಲಿ ಹಂಗೆ ಹೇಳ್ಬೇಡ."

ಬೈಗುಳ ತಿಂದಿದ್ರೆ ವಾಸಿ ಅನ್ನಿಸ್ತು. ಆಂಟಿ ಕಾಫಿ ತಂದ್ರು. ಬಾಕಿ 570ರಲ್ಲಿ ಅಂಕಲ್ 300 ಎಣಿಸಿ ಕೊಟ್ರು. "ಪೂರ್ತಿ ಕೊಟ್ರೆ ನೀನು ಮರೀತೀಯ, ಏನೂ ಕೊಡದಿದ್ರೆ ಈ ಕೆಲ್ಸಾನೇ ಬಿಡ್ತೀಯ" ಅಂದ್ರು.

ಆ ರಾತ್ರಿ ನೋಟ್‌ಬುಕ್ ತೆಗೆದೆ. ಬಂದಿದ್ದು 1,500. ಪಾರ್ಟ್ಸ್‌ಗೆ ಹೋಗಿದ್ದು 1,170. ಟಿವಿ ಸಾರ್‌ಗೆ 100. ಬೆಂಗಳೂರಿಗೆ ಹೋಗಿಬಂದಿದ್ದು, ಊಟ ಸೇರಿ 190. ಉಳಿದಿದ್ದು 40 ರೂಪಾಯಿ. ಸುಣ್ಣ, ಮಹಡಿ ಅಂತ ಹಾಕಿದ್ದ ಎರಡು ಕಾಲಂ ಪಕ್ಕ ಮೂರನೇದೊಂದು ಗೆರೆ ಎಳೆದು "ನನ್ನ ತಪ್ಪು" ಅಂತ ಹೆಸರಿಟ್ಟೆ. ಈಗ ಪ್ರತಿ ಕೆಲಸಕ್ಕೂ ಆ ಕಾಲಂ ಇರುತ್ತೆ. ಖಾಲಿ ಇದ್ರೂ ಇರುತ್ತೆ. ಬ್ಯಾಟರಿ ತೆಗೆದು ತಟ್ಟೆಗೆ ಹಾಕಿದ ಮೇಲೇ ಚಿಮಟ ಕೈಗೆ ತಗೊಳ್ತೀನಿ.

ದೀಪಾವಳಿ ದಿನ ಬೆಳಗ್ಗೆ ಗೊತ್ತಿಲ್ಲದ ನಂಬರ್‌ನಿಂದ ಒಂದು ಫೋಟೋ ಬಂತು. ಎಣ್ಣೆ ಸ್ನಾನ ಮುಗಿಸಿ, ತಲೆಗೆ ಟವಲ್ ಸುತ್ತಿಕೊಂಡು, ಸೋಫಾ ಮೇಲೆ ಕೂತು ಪಿಎಸ್‌ಪಿ ಆಡ್ತಿರೋ ಅಕ್ಕ. ಪಕ್ಕದಲ್ಲಿ ಟೈಪ್-ಸಿ ಕೇಬಲ್. ಕೆಳಗೆ ಒಂದು ಸಾಲು: "ಫ್ಯೂಸ್ ಕಥೆ ಅಪ್ಪ ಹೇಳಿದ್ರು. ಪರವಾಗಿಲ್ಲ ಬಿಡು. ಆದ್ರೆ ಎಲ್ ಬಟನ್ ಸ್ವಲ್ಪ ಗಟ್ಟಿ ಇದೆ, ನೋಡ್ತೀಯಾ?"

ಫೋಟೋ ಇಲ್ಲಿ ಹಾಕಲ್ಲ, ಅದು ಅವರದು. ಎಲ್ ಬಟನ್ ಈ ಭಾನುವಾರ ನೋಡ್ತೀನಿ.

ನಿಮ್ಮನೆ ಅಟ್ಟದ ಮೇಲೂ "ಸತ್ತಿದೆ" ಅಂತ ಇಟ್ಟಿರೋದು ಏನಾದ್ರೂ ಇರಬಹುದು. ಬಿಸಾಕೋ ಮುಂಚೆ ಬ್ಯಾಟರಿ ದಾರಿಯಲ್ಲಿ ಒಂದ್ಸಲ ಬೀಪ್ ಹಾಕಿಸಿ ನೋಡಿ. ಏನಿದೆ ಅಂತ ಕಾಮೆಂಟ್‌ನಲ್ಲಿ ಹೇಳಿ. ಕೆಡಿಸಿದ ಕಥೆ ಇದ್ರೆ ಅದನ್ನೂ ಬರೀರಿ, ಇಲ್ಲಿ ಯಾರೂ ನಗಲ್ಲ.

#ಪಿಎಸ್‌ಪಿ #ಹಳೇಕನ್ಸೋಲ್ #ರಿಪೇರಿಹಕ್ಕು #ತುಮಕೂರು #ಕನ್ನಡಗೇಮಿಂಗ್